ಹಾರ ಹಾಕಿದ ವಾಲ್ವ್

ಸೆಪ್ಟೆಂಬರ್ ೮, ಸೋಮವಾರ

ಮತ್ತೆ ಕುರ್ಲಾದಲ್ಲಿ ಹಾರ್ಬರ್ ಲೋಕಲ್ ತಪ್ಪಿತು. ಮುಂದಿನದರಲ್ಲಿ ಒಂದು ಕಾಲಿಗೆ ಮಾತ್ರ ಜಾಗ. ಇನ್ನೊಂದು ಕಾಲು ಯಾರದೋ ಟಿಫಿನ್ ಬ್ಯಾಗಿನ ಮೇಲೆ. ಅವಳು ಬೈದಳು. ನಾನೂ ಬೈದೆ. ಇಳಿಯುವಾಗ ಇಬ್ಬರೂ ನಕ್ಕೆವು.

ಗೇಟಿನ ಹೊರಗೆ ಇಂದ್ರಾಬಾಯಿ, ಏಡಿ ಬುಟ್ಟಿ ಮುಂದಿಟ್ಟುಕೊಂಡು. ನಮ್ಮ ಡೀಸೆಲ್ ಟರ್ಮಿನಲ್ಲಿನ ಕಾಂಪೌಂಡಿನ ಹಿಂದೆ ಸಮುದ್ರದ ನೀರು ಒಳಬರುವ ಖಾಡಿ, ಅದರ ಕೆಸರಿನಲ್ಲಿ ತೊಡೆಯವರೆಗೆ ಇಳಿದು ಹಿಡಿಯುತ್ತಾಳೆ. ದಿನಾ ಅದೇ ಪ್ರಶ್ನೆ— "ಕಾಯ್ ಮ್ಯಾಡಮ್, ಆಜ್ ತೇಲ್ ಸೋಡಣಾರ್ ಕಾ?" ಇವತ್ತು ಎಣ್ಣೆ ಬಿಡ್ತೀರಾ ಅಂತ. ದಿನಾ ಅದೇ ಉತ್ತರ— "ನಾಹೀ ಮಾವ್ಶೀ." ನಾನು ಬರುವ ಮುಂಚೆ ಒಂದು ಮಳೆಗಾಲ ಇಲ್ಲಿಂದ ಡೀಸೆಲ್ ಖಾಡಿಗೆ ಹೋಗಿತ್ತು. ಆ ಇಡೀ ಹಂಗಾಮು ಅವಳ ಏಡಿಯನ್ನು ಮೂಸಿ ನೋಡಿ ಬುಟ್ಟಿಗೆ ವಾಪಸು ಎಸೆದರಂತೆ. ಅವಳ ಪ್ರಶ್ನೆ ತಮಾಷೆ ಅಲ್ಲ. ತಮಾಷೆಯ ಹಾಗೆ ಕೇಳುತ್ತಾಳೆ ಅಷ್ಟೆ.

ಸೇಫ್ಟಿ ಆಫೀಸರಿನ ಬೆಳಗಿನ ರೌಂಡ್ ಹೊಡೆದೆ. ಎಲ್ಲಾ ಸರಿ. ಟ್ಯಾಂಕುಗಳ ಸುತ್ತ ಎದೆಯೆತ್ತರದ ಕಾಂಕ್ರೀಟ್ ಗೋಡೆ— ಡೈಕ್ ಅನ್ನುತ್ತೇವೆ. ಟ್ಯಾಂಕ್ ಒಡೆದರೂ ಪೈಪ್ ಸೋರಿದರೂ ಎಣ್ಣೆ ಆ ಗೋಡೆಯೊಳಗೇ ನಿಲ್ಲಬೇಕು. ಆದರೆ ಗೋಡೆಯೊಳಗೆ ಮಳೆ ನೀರೂ ನಿಲ್ಲುತ್ತದೆ. ಅದನ್ನು ಬಿಡಲು ಗೋಡೆಯ ಬುಡದಲ್ಲಿ ಒಂದು ಪೈಪು, ಹೊರಗಡೆ ಒಂದು ವಾಲ್ವ್. ಅಲ್ಲಿಂದ ಚರಂಡಿ. ಚರಂಡಿಯಿಂದ ಖಾಡಿ. ನಡುವೆ ಎಣ್ಣೆ ಬೇರ್ಪಡಿಸುವ ತೊಟ್ಟಿ ಇದೆ, ಮಳೆ ಜೋರಾದರೆ ಅದೇ ತುಂಬಿ ಉಕ್ಕುತ್ತದೆ.

ಅಂದರೆ ಇಷ್ಟು ದೊಡ್ಡ ಗೋಡೆಯ ಮಾನ ಮರ್ಯಾದೆಯೆಲ್ಲ ಆ ಒಂದು ವಾಲ್ವಿನ ಕೈಯಲ್ಲಿ. ಅದು ತೆರೆದಿದ್ದರೆ ಗೋಡೆ ಗೋಡೆಯಲ್ಲ, ಜರಡಿ.

ಸೆಪ್ಟೆಂಬರ್ ೧೧, ಗುರುವಾರ

ಮಳೆ. ನಾಲ್ಕನೇ ಟ್ಯಾಂಕಿನ ಡೈಕ್ ತುಂಬಿತು. ಚೆನ್ನಯ ಬಂದ— ಉಡುಪಿ ಕಡೆಯವನು, ಇಲ್ಲಿ ಎಲ್ಲರಿಗಿಂತ ಹಳೆಯ ಆಪರೇಟರ್, ಟರ್ಮಿನಲ್ಲಿನ ಭಟ್ಟ, ಅಡಿಗೆಯವನು, ಪಂಚಾಯ್ತಿ ಎಲ್ಲಾ ಅವನೇ.

"ವಾಲ್ವ್ ಬಿಡ್ತೇನೆ ಮೇಡಂ."

"ಮೊದಲು ನೀರು ನೋಡು."

"ನೋಡಿದೆ ಮಾರಾಯ್ರೆ. ನೀರು. ಬೇರೆಂತ ಇರ್ತದೆ?"

"ಬಣ್ಣ?"

ಗೋಡೆ ಹತ್ತಿ ಬಗ್ಗಿ ನೋಡಿದ. ಎಣ್ಣೆ ಇದ್ದರೆ ನೀರಿನ ಮೇಲೆ ನವಿಲುಗರಿಯ ಬಣ್ಣ ಕಟ್ಟುತ್ತದೆ. ಇರಲಿಲ್ಲ. ತೆರೆದ. ಹೊರಟ. ಕೂಗಿದೆ— ನಿಲ್ಲು. ನೀರು ಖಾಲಿಯಾಗುವವರೆಗೆ ಇಲ್ಲೇ ನಿಲ್ಲು. ಇಬ್ಬರೂ ಒಂದೇ ಛತ್ರಿಯಲ್ಲಿ ನಿಂತೆವು, ಅವನ ಬಲ ಭುಜ ನನ್ನ ಎಡ ಭುಜ ಒದ್ದೆ. ಅವನ ಮಗಳು ಲಾವಣ್ಯಾಳ ಕಾಲೇಜು ಪುರಾಣ ಪೂರ್ತಿ ಕೇಳಿಸಿಕೊಂಡೆ. ಹುಡುಗಿ ಮನೆಯಲ್ಲಿ ತುಳು ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳಂತೆ. ನೀರು ಹೋಯಿತು. ಮುಚ್ಚಿದ.

ನಾನು ಬರುವ ಮುಂಚಿನ ಪದ್ಧತಿ ಬೇರೆ. ಜೂನಿನ ಮೊದಲ ಮಳೆಗೆ ತೆರೆಯುವುದು, ದಸರಾ ಆದ ಮೇಲೆ ಮುಚ್ಚುವುದು. ನಡುವೆ ನಾಲ್ಕು ತಿಂಗಳು ಖಾಡಿಗೂ ನಮ್ಮ ಡೀಸೆಲ್ಲಿಗೂ ನೇರ ಬಾಗಿಲು. ಕೇಳಿದರೆ— "ಮಳೆಗಾಲ ಅಲ್ವಾ ಮೇಡಂ!" ಬಂದಾಗಿನಿಂದ ಜಗಳ ಮಾಡಿ ಮಾಡಿ ಛತ್ರಿಗೆ ತಂದು ನಿಲ್ಲಿಸಿದ್ದೇನೆ. ಖುಷಿ ಇದೆ.

ವಾಲ್ವಿಗೆ ಬೀಗ ಒಂದು ಬಾಕಿ. ಮ್ಯಾನೇಜರ್ ರಾಮಸ್ವಾಮಿಯವರನ್ನು ಮತ್ತೆ ಕೇಳಿದೆ. "ದಸರಾ ಕಳೀಲಿ ಮಹಾನಂದಮ್ಮ, ತರಿಸೋಣ." ಮೈಸೂರಿನವರು, ದನಿ ಏರಿಸುವುದಿಲ್ಲ. ಮುಲುಂಡಿನಲ್ಲೇ ಮನೆ, ನಮ್ಮ ಬಿಲ್ಡಿಂಗಿನಿಂದ ಎರಡು ರಸ್ತೆ ಆಚೆ, ಲಿಫ್ಟಿರುವ ಸೊಸೈಟಿ. ಇಲ್ಲ ಅನ್ನುವುದನ್ನು ಹೂಂ ಅನ್ನುವ ಹಾಗೆ ಹೇಳುವ ಕಲೆ ಅವರಿಗೆ ಹುಟ್ಟಿನಿಂದ ಬಂದದ್ದು.

ಸೆಪ್ಟೆಂಬರ್ ೧೬, ಮಂಗಳವಾರ

ಸೇಫ್ಟಿ ತರಬೇತಿ. ಕಂಪನಿ ಕೊಟ್ಟ ಸ್ಲೈಡು ಹಾಕಿದೆ. ಎರಡನೇ ಸ್ಲೈಡಿಗೇ ಅರ್ಧ ಜನ ನಿದ್ದೆ. ಪ್ರೊಜೆಕ್ಟರ್ ಆಫ್ ಮಾಡಿದೆ. ಮರಳಿನ ಬಕೆಟ್ ಖಾಲಿ ಮಾಡಿ ಬೋರಲು ಹಾಕಿದೆ. ಬಾರಿಸಿದೆ.

ಕಲಬುರಗಿಯಲ್ಲಿ ಸಂಘಟನೆಯ ಬೀದಿನಾಟಕದಲ್ಲಿ ಹಲಗೆ ಹಿಡಿದ ಕೈ ಇದು. ಮರೆತಿಲ್ಲ. ಆಗ ಭೂಮಿಗಾಗಿ, ಕೂಲಿಗಾಗಿ ಕೂಗಿದ್ದೆವು. ಈಗ ಒಂದು ವಾಲ್ವಿಗಾಗಿ. ಸಣ್ಣದಾಯಿತಾ? ಇಲ್ಲ. ಇಂದ್ರಾಬಾಯಿಯ ಖಾಡಿಯೂ ಭೂಮಿಯೇ.

ನೋಡು! ತೆರೆ! ನಿಲ್ಲು! ಮುಚ್ಚು!

ನಾನು ಮೂರು ಹೇಳುವುದು, ಅವರು ನಾಲ್ಕನೆಯದು ಕೂಗುವುದು. ಮೊದಲು ನಾಚಿಕೆ. ಆಮೇಲೆ ನವೀನ— ಚೆನ್ನಯನ ಪಾಳಿ ಮುಗಿದ ಮೇಲೆ ಬರುವ ಆಪರೇಟರ್— ಮೇಜು ಕುಟ್ಟಲು ಶುರು ಮಾಡಿದ. ಬಿಹಾರದ ಹೆಲ್ಪರುಗಳಿಗೆ ಕನ್ನಡದ ಒಂದು ಅಕ್ಷರ ಬರುವುದಿಲ್ಲ, ಅವರ "ಮುಚ್ಚು" ಎಲ್ಲರಿಗಿಂತ ಜೋರು. ರಾಮಸ್ವಾಮಿ ಸರ್ ಬಾಗಿಲಿಗೆ ಬಂದು ಇಣುಕಿದರು. "ಏನಮ್ಮ ಇದು, ಸ್ಟ್ರೈಕಾ?"

"ಟ್ರೇನಿಂಗ್ ಸರ್."

ಹೆದರಿದ್ದರು ಪಾಪ.

ಸೆಪ್ಟೆಂಬರ್ ೨೮, ಭಾನುವಾರ

ಹನ್ನೆರಡು ದಿನ ಏನೂ ಬರೆದಿಲ್ಲ. ಅವ್ವನಿಗೆ ಡೆಂಗಿ. ಆಸ್ಪತ್ರೆ, ರಜೆ, ಸಲೈನು, ಪಪ್ಪಾಯಿ ಎಲೆಯ ರಸ ತಂದ ಪಕ್ಕದ ಮನೆಯವರ ಜೊತೆ ನನ್ನ ವಾದ. ಈಗ ಮನೆಗೆ ಬಂದಿದ್ದಾಳೆ. ಇವತ್ತು ಬೈಗುಳ ಶುರು ಮಾಡಿದ್ದಾಳೆ, ಅಂದರೆ ಹುಷಾರಾದಳು.

"ನೌಕರಿಗಿ ಹೋಗವಾ. ನನ್ ಮಾರಿ ನೋಡ್ಕೋತ ಕುಂತ್ರ ಆ ನಿನ್ ನಲ್ಲಿ ಯಾರ್ ಬಂದ್ ಮಾಡ್ತಾರ?"

ಅವ್ವನಿಗೆ ವಾಲ್ವ್ ಅಂದರೆ ನಲ್ಲಿ. ಬಸಲಿಂಗವ್ವನ ಮಗಳು ಮುಂಬಯಿಯಲ್ಲಿ ನಲ್ಲಿ ಕಾಯುತ್ತಾಳೆ ಅಂತ ಊರಿನಲ್ಲಿ ಹೇಳಿಕೊಂಡಿದ್ದಾಳೆ. ಹೆಮ್ಮೆಯಿಂದಲೇ.

ಹೊರಗೆ ಮಳೆ ಎಂದರೆ ಮಳೆ. ಮಳೆಗಾಲ ಮುಗಿಯುವ ಮುಂಚೆ ಒಮ್ಮೆ ಬಡಿದು ಹೋಗುವ ಹಾಗೆ. ಚೆನ್ನಯನಿಗೆ ಫೋನ್ ಮಾಡಿದೆ. ಡೈಕ್ ಎಲ್ಲಾ ತುಂಬಿದೆಯಂತೆ. "ಬಿಡ್ತಾ ಉಂಟು, ಮುಚ್ತಾ ಉಂಟು. ನೀವು ಅಮ್ಮನನ್ನು ನೋಡಿ."

ಸೆಪ್ಟೆಂಬರ್ ೩೦, ಮಂಗಳವಾರ

ವಾಪಸ್. ಟರ್ಮಿನಲ್ ತುಂಬಾ ಪೇಂಟಿನ ವಾಸನೆ. ನಾಳೆ ಆಯುಧ ಪೂಜೆ.

ಇಲ್ಲಿನ ಪೂಜೆಗೆ ಒಂದು ವಿಚಿತ್ರ ಇದೆ. ಪೂಜೆ ಆದ ಆಯುಧವನ್ನು ಮಾರನೇ ದಿನ ದಸರಾ ಪೂಜೆ ಆಗುವವರೆಗೆ ಮುಟ್ಟಬಾರದು. ಆದರೆ ಡೀಸೆಲ್ ನಿಲ್ಲುವುದಿಲ್ಲ. ಪಂಪಿಗೆ ಹಾರ ಹಾಕಿ ಪಂಪ್ ನಿಲ್ಲಿಸಿದರೆ ಮುಂಬಯಿ ಶಹರ ನಿಲ್ಲುತ್ತದೆ. ಅದಕ್ಕೆ ಹಳಬರು ಒಂದು ಉಪಾಯ ಮಾಡಿದ್ದಾರೆ. ಕೆಲಸ ಮಾಡುವ ಯಂತ್ರಕ್ಕೆಲ್ಲ ಒಂದೊಂದು ಕುಂಕುಮದ ಬೊಟ್ಟು ಮಾತ್ರ. ಹಾರ, ಹಣ್ಣು, ಆರತಿ ಎಲ್ಲಾ ಒಂದೇ ಒಂದು ವಾಲ್ವಿಗೆ. ಯಾವ ವಾಲ್ವು? ದಿನಾ ತಿರುಗಿಸದೇ ಇರುವುದು, ಗೇಟಿಗೆ ಹತ್ತಿರ ಇರುವುದು. ನಾಲ್ಕನೇ ಟ್ಯಾಂಕಿನ ಡೈಕ್ ವಾಲ್ವು. ಅದಕ್ಕೆ ಹೆಸರೇ ದೇವರ ವಾಲ್ವ್.

ಸಿಕ್ಕಿ ಸಿಕ್ಕಿ ಅದೇ ಸಿಕ್ಕಿತಾ ಇವರಿಗೆ!

ಪೂಜೆಗೆ ನನ್ನ ವಿರೋಧವಿಲ್ಲ ಎಂದು ಇಲ್ಲಿ ಸುಳ್ಳು ಬರೆಯುವುದಿಲ್ಲ. ಇದೆ. ಯಂತ್ರಕ್ಕೆ ಎಣ್ಣೆ ಬಿಡಿ, ಹೂವು ಬೇಡ. ಅದನ್ನು ಮೊದಲ ವರ್ಷವೇ ಹೇಳಿದ್ದೇನೆ, ಎಲ್ಲರಿಗೂ ಗೊತ್ತು. ಪೂಜೆಯ ಹೊತ್ತಿಗೆ ನಾನು ಪಕ್ಕಕ್ಕೆ ಹೋಗುತ್ತೇನೆ. ಆಮೇಲೆ ಬಂದು ಚೆನ್ನಯ ಮಾಡಿದ ಕಡಲೆ ಪಾಯಸ ಎರಡು ಲೋಟ ಕುಡಿಯುತ್ತೇನೆ. ಪಾಯಸದ ಮೇಲೆ ಸಿಟ್ಟಿಲ್ಲ.

ಬೆಳಗ್ಗೆಯ ಮಳೆ ನೀರು ಬಿಡಲು ಆ ವಾಲ್ವ್ ತೆರೆದಿತ್ತು, ನೀರು ಇನ್ನೂ ಹೋಗುತ್ತಿತ್ತು. ಚೆನ್ನಯನಿಗೆ ಹೇಳಿದೆ— ಸಂಜೆಯೊಳಗೆ ಮುಚ್ಚು. ನಾಳೆ ಜೆಟ್ಟಿಯ ಹಡಗಿನಿಂದ ನಾಲ್ಕನೇ ಟ್ಯಾಂಕಿಗೆ ಡೀಸೆಲ್ ಬರುತ್ತೆ. ನನಗೆ ನಾಳೆ ಗೋರೆಗಾಂವ್ ಆಫೀಸಿನಲ್ಲಿ ಮೀಟಿಂಗು.

"ಹ್ಞಾಂ ಹ್ಞಾಂ." ಕಡಲೆ ಬೇಳೆ ಆರಿಸುತ್ತಿದ್ದ. ತಲೆ ಎತ್ತಲಿಲ್ಲ.

ಅಕ್ಟೋಬರ್ ೧, ಬುಧವಾರ

ಲೋಕಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಸೀಟು ಸಿಕ್ಕಿದೆ. ಕೈ ಇನ್ನೂ ಕೆಂಪು.

ಮೀಟಿಂಗ್ ಬೇಗ ಮುಗಿಯಿತು. ಪೂಜೆಯ ಪ್ರಸಾದಕ್ಕೆ ಅಂತ ಗೋರೆಗಾಂವ್ ಆಫೀಸಿನ ವಿಕ್ರಂ ಟರ್ಮಿನಲ್ಲಿಗೆ ಹೊರಟಿದ್ದ, ಅವನ ಕಾರಿನಲ್ಲೇ ಬಂದೆ. ಒಳಗೆ ಬಂದಾಗ ಪೂಜೆ ಆಗಿ ಹೋಗಿತ್ತು. ಗೇಟಿನಲ್ಲಿ ಒಡೆದ ಬೂದುಗುಂಬಳ. ದೇವರ ವಾಲ್ವ್ ಹೊಸ ಕೆಂಪು ಪೇಂಟಿನಲ್ಲಿ ಮಿರಿ ಮಿರಿ. ಚೆಂಡು ಹೂವಿನ ದಪ್ಪ ಹಾರ, ಬುಡದಿಂದ ತುದಿಯವರೆಗೆ ಸುತ್ತಿ ಸುತ್ತಿ.

ಅಲ್ಲೇ ನಿಂತೆ. ಈ ವಾಲ್ವ್ ತೆರೆದಿದ್ದರೆ ಚಕ್ರದ ನಡುವಿನ ಸ್ಪಿಂಡಲ್ ಅನ್ನುವ ಕಂಬಿ ಮೇಲಕ್ಕೆ ಎದ್ದಿರುತ್ತದೆ, ಮುಚ್ಚಿದರೆ ಕೆಳಗೆ ಇಳಿದಿರುತ್ತದೆ. ದೂರದಿಂದಲೇ ಗೊತ್ತಾಗಬೇಕು, ಅದಕ್ಕೇ ಹಾಗೆ ಮಾಡಿರುವುದು. ಈಗ ಬರೀ ಹೂವು ಕಾಣುತ್ತದೆ. ಹೂವಿನ ರಾಶಿ ಎತ್ತರವಾಗಿದೆ. ಒಳಗೆ ಸ್ಪಿಂಡಲ್ ಇದೆಯೋ, ಚೆನ್ನಯನ ಭಕ್ತಿ ಇದೆಯೋ?

"ಚೆನ್ನಯ, ನಿನ್ನೆ ಮುಚ್ಚಿದ್ದೀಯಾ?"

"ನಾನು... ನವೀನನಿಗೆ ಹೇಳಿದ್ದೆ ಮೇಡಂ."

"ನವೀನ?"

"ಪೇಂಟ್ ಹಸಿ ಇತ್ತಲ್ರೀ. ಚೆನ್ನಯಣ್ಣನೇ ಮುಟ್ಟಬ್ಯಾಡ, ಕೈ ಅಚ್ಚು ಬೀಳ್ತದ ಅಂದ್ರು. ಒಣಗಿದ ಮ್ಯಾಲೆ ಅವರೇ ಮುಚ್ಚಿರ್ಬೇಕು ಅಂತ..."

ಒಬ್ಬರ ಮುಖ ಒಬ್ಬರು ನೋಡಿದರು. ದೇವರಿಗೆ ಚೆಂದ ಕಾಣಲಿ ಅಂತ ಬಣ್ಣ ಬಳಿದರು. ಬಣ್ಣ ಕೆಡದಿರಲಿ ಅಂತ ಮುಚ್ಚಲಿಲ್ಲ. ಬೆಳಗ್ಗೆ ಹಾರ ಹಾಕಿದರು. ಈಗ ಹಾರ ಹಾಕಿದ್ದೇವೆ ಅಂತ ಮುಟ್ಟುವ ಹಾಗಿಲ್ಲ. ಸಂಜೆ ಡೀಸೆಲ್.

ಅಷ್ಟರಲ್ಲಿ ವಿಕ್ರಂ ಬಂದು ಚಕ್ರದ ಮೇಲೆ ಕೈ ಇಟ್ಟು ಸೆಲ್ಫಿ ತೆಗೆದುಕೊಂಡ. ರಾಮಸ್ವಾಮಿ ಸರ್ ನಕ್ಕರು, "ನೀಟಾಗಿ ಬರ್ಲಿ, ಹೆಡ್ ಆಫೀಸಿಗೆ ಕಳ್ಸಬೇಕು" ಅಂದರು. ವಿಕ್ರಂ ಪಾಯಸಕ್ಕೆ ಹೋದ. ನಾನು ಹಾರ ಸರಿಸಲು ಕೈ ಚಾಚಿದೆ.

"ನೀವು ಮುಟ್ಟಬೇಡಿ ಅಮ್ಮ. ಪೂಜೆ ಆಗಿದೆ."

ಮೆತ್ತಗೇ ಹೇಳಿದರು. ಎಂದಿನ ದನಿ. ಕೈ ಅಲ್ಲೇ ನಿಂತಿತು. ಈಗ ತಾನೆ ವಿಕ್ರಂನ ಕೈ ಇತ್ತಲ್ಲ ಅದರ ಮೇಲೆ? ಪೂಜೆ ಅವನಿಗೆ ಆಗಿರಲಿಲ್ಲವೇ? ಸುತ್ತ ನಿಂತವರಿಗೂ ಕೇಳಿಸಿತು. ನವೀನ ನೆಲ ನೋಡಿದ. ಅವನಿಗೆ ಅರ್ಥವಾಗಿದೆ. ಊರ ಗುಡಿಯ ಕಟ್ಟೆಯ ಕೆಳಗೆ ಅವ್ವನ ಬಟ್ಟಲಿಗೆ ಮೇಲಿನಿಂದ ತೀರ್ಥ ಸುರಿದವರ ದನಿ ಕೂಡ ಹೀಗೇ ಮೆತ್ತಗಿರುತ್ತಿತ್ತು.

ನಾಲಿಗೆ ತುದಿಗೆ ಬಂತು. ನುಂಗಿದೆ. ಹೆದರಿ ಅಲ್ಲ. ಅಲ್ಲಿ ಆ ಮಾತು ಎತ್ತಿದರೆ ಎಲ್ಲರೂ ಅದರ ಸುತ್ತ ಸೇರುತ್ತಾರೆ, ಇವಳಿಗೆ ಪೂಜೆ ಕಂಡರೆ ಆಗಲ್ಲ ಅನ್ನುತ್ತಾರೆ, ಸಂಜೆಯಾಗುತ್ತದೆ, ವಾಲ್ವ್ ತೆರೆದೇ ಇರುತ್ತದೆ. ಮೊದಲು ವಾಲ್ವ್. ಆ ಜಗಳ ಎಲ್ಲೂ ಓಡಿ ಹೋಗುವುದಿಲ್ಲ.

"ಸರಿ ಸರ್. ಮುಟ್ಟಲ್ಲ. ಮುಚ್ಚಿದೆ ಅಂತೀರಾ?"

"ಮುಚ್ಚಿರುತ್ತಮ್ಮ. ನಾಳೆ ಬೆಳಿಗ್ಗೆ ದಸರಾ ಪೂಜೆ ಆದ್ಮೇಲೆ ತೆಗೆದು ನೋಡೋಣ. ಒಂದು ರಾತ್ರಿ ತಾನೆ?"

ಬೂದುಗುಂಬಳದ ಪಕ್ಕ ಅರ್ಧ ಪೊಟ್ಟಣ ಕುಂಕುಮ ಉಳಿದಿತ್ತು. ಬಕೆಟ್ಟಿಗೆ ಸುರಿದೆ. ನೀರು ತುಂಬಿದೆ. ಕೈಯಿಂದ ಕಲಸಿದೆ.

"ಅಯ್ಯೋ ಎಂತ ಮಾಡ್ತೀರಿ ಮೇಡಂ?"

"ಓಕುಳಿ."

ಮೆಟ್ಟಿಲು ಹತ್ತಿ ಡೈಕಿನೊಳಗೆ ಇಳಿದೆ. ನೀರು ಹೋಗುವ ಗುಂಡಿಗೆ ಇಡೀ ಬಕೆಟ್ ಸುರಿದೆ. ಮತ್ತೆ ಗೋಡೆ ಹತ್ತಿ ಕೂಗಿದೆ— ಎಲ್ಲರೂ ಚರಂಡಿ ನೋಡಿ!

ಹೊರಗಡೆ ಎಲ್ಲರೂ ಬಗ್ಗಿ ನಿಂತಿದ್ದರು. ರಾಮಸ್ವಾಮಿ ಸರ್ ಕೂಡ, ರೇಷ್ಮೆ ಪಂಚೆ ಎತ್ತಿ ಹಿಡಿದುಕೊಂಡು. ಸ್ವಲ್ಪ ಹೊತ್ತು ಏನೂ ಇಲ್ಲ. ವಿಕ್ರಂ ಪಾಯಸದ ಲೋಟ ಹಿಡಿದು "ಕ್ಯಾ ಹೋ ರಹಾ ಹೈ?" ಅಂದ. ಆಮೇಲೆ ದೇವರ ವಾಲ್ವಿನ ಕೆಳಗಿನಿಂದ ಕೆಂಪು ನೀರು ಬಂತು. ಮೊದಲು ಒಂದು ಎಳೆ. ಆಮೇಲೆ ಧಾರೆ. ಚರಂಡಿ ಉದ್ದಕ್ಕೂ ಹರಿಯಿತು, ಗೋಡೆಯ ಆಚೆಗೆ, ಖಾಡಿಯ ಕಡೆಗೆ.

ನನಗೆ ಭಾಷಣ ಮಾಡುವ ಚಪಲ ಇತ್ತು. ಕುಂಕುಮವೇ ಮಾಡಿತು.

"ಅಯ್ಯೋ ದೇವೆರೇ," ಅಂದ ಚೆನ್ನಯ. ಸರ್ ಮುಖ ನೋಡಿದ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನು ಕಾಯಲಿಲ್ಲ. ಚಪ್ಪಲಿ ಬಿಟ್ಟ, ಕೈ ಮುಗಿದ, ಎರಡೂ ಕೈಯಿಂದ ಚಕ್ರ ಹಿಡಿದ.

"ಚೆನ್ನಯ, ಹಾರ..." ಅಂದರು ಸರ್.

"ಹಾರಕ್ಕೆ ಎಂತ ಆಗುದಿಲ್ಲ ಸರ್. ನಾನೇ ಕಟ್ಟಿದ್ದು. ಕಟ್ಟುವ ಮೊದಲು ಮುಚ್ಚಬೇಕಿತ್ತು, ಅದು ನನ್ನ ತಪ್ಪು. ದೇವರದ್ದಲ್ಲ."

ತಿರುಗಿಸಿದ. ಸ್ಪಿಂಡಲ್ ಕೆಳಗೆ ಕೆಳಗೆ ಇಳಿಯಿತು. ಅದಕ್ಕೆ ಸುತ್ತಿದ್ದ ಹಾರ ಸಡಿಲಾಗಿ, ಜಾರಿ, ಚಕ್ರದ ಮೇಲೆ ಸುಮ್ಮನೆ ಕೂತಿತು. ಒಂದು ಎಸಳು ಕೂಡ ಹರಿಯಲಿಲ್ಲ. ಕೆಂಪು ನೀರು ನಿಂತಿತು.

"ನೋಡು, ತೆರೆ, ನಿಲ್ಲು..." ಅಂತ ಹಿಂದಿನಿಂದ ಯಾರೋ ಬಿಹಾರಿ ಹುಡುಗ ಗುನುಗಿದ. ಎಲ್ಲರೂ ಒಟ್ಟಿಗೆ— ಮುಚ್ಚು!

ನಕ್ಕರು. ನಾನೂ. ಚೆನ್ನಯ ತನ್ನ ಸ್ಕೂಟರಿನ ಚೈನು ಬೀಗ ತಂದು ಚಕ್ರಕ್ಕೆ ಹಾಕಿದ. ಇವತ್ತು ಅವನ ಸ್ಕೂಟರನ್ನು ಯಾರಾದರೂ ಕದ್ದರೆ ನನ್ನ ತಲೆಗೆ. ಡೀಸೆಲ್ ಬರಲು ಶುರುವಾಯಿತು. ಪಾಯಸ ಮೂರು ಲೋಟ.

ಹೊರಡುವಾಗ ಗೇಟಿನಲ್ಲಿ ಇಂದ್ರಾಬಾಯಿ. ಖಾಡಿ ಕಡೆಯಿಂದ ಏದುಸಿರು ಬಿಡುತ್ತಾ ಬಂದಿದ್ದಳು. ಕೆಂಪು ನೀರು ನೋಡಿ ಏನೋ ಬಿಟ್ಟರು ಅಂತ ಜಗಳಕ್ಕೆ ಬಂದಿದ್ದಳು. ಕುಂಕುಮ ಅಂದೆ. ನಂಬಲಿಲ್ಲ. ನನ್ನ ಕೈ ಹಿಡಿದು ಮೂಸಿದಳು. ಆಮೇಲೆ ಅದೇ ಕೈಯಿಂದ ತನ್ನ ಹಣೆಗೆ ಒತ್ತಿಕೊಂಡು ಹೋದಳು. ನನ್ನ ಕೈಯಿಂದ! ಅವ್ವನಿಗೆ ಹೇಳಿದರೆ ಎರಡು ದಿನ ನಗುತ್ತಾಳೆ.

ಅಕ್ಟೋಬರ್ ೨, ಗುರುವಾರ

ರಜೆ. ಅವ್ವ ಬಿಳಿ ಸೀರೆ. ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡ ಹಬ್ಬ ನಮ್ಮ ದಸರಾ. ಬುದ್ಧ ವಿಹಾರಕ್ಕೆ ಕರೆದುಕೊಂಡು ಹೋದೆ, ನಿಧಾನವಾಗಿ, ರಿಕ್ಷಾದಲ್ಲಿ. ಇನ್ನೂ ನಿಶ್ಶಕ್ತಿ. ಆದರೂ ಸಾಲಿನಲ್ಲಿ ನಿಂತೇ ನಮಸ್ಕಾರ ಮಾಡಿದಳು, ಕುರ್ಚಿ ಬೇಡ ಅಂದಳು.

ಚೆನ್ನಯ ಫೋನ್ ಮಾಡಿದ. "ಡೀಸೆಲ್ ಪೂರ್ತಿ ಬಂತು. ಒಂದು ತೊಟ್ಟು ಸೋರ್ಲಿಲ್ಲ. ಹಬ್ಬದ ಶುಭಾಶಯ ಮೇಡಂ... ನಿಮ್ಮದು ಯಾವ ಹಬ್ಬವೋ ಅದರದ್ದು."

ಒಳ್ಳೆಯ ದಿನ. ಮಧ್ಯಾಹ್ನ ಮಲಗಿದೆ. ಎಷ್ಟು ತಿಂಗಳಾಯಿತೋ ಹೀಗೆ ಮಲಗಿ.

ಅಕ್ಟೋಬರ್ ೬, ಸೋಮವಾರ

ಮುಲುಂಡ್ ಸ್ಟೇಷನ್ನಿನಲ್ಲಿ ರಾಮಸ್ವಾಮಿ ಸರ್ ಸಿಕ್ಕರು. ಅವರು ಫಸ್ಟ್ ಕ್ಲಾಸಿನ ಕಡೆ, ನಾನು ಲೇಡೀಸ್ ಕಡೆ. ಸೇತುವೆಯ ಕೆಳಗೆ ಎದುರಾದೆವು.

"ಬೀಗ ತರಿಸಿದೀನಮ್ಮ. ಹಿತ್ತಾಳೇದು. ಕೀ ನನ್ನ ಡ್ರಾಯರಲ್ಲೇ ಇರುತ್ತೆ." ಬ್ಯಾಗು ಕೈ ಬದಲಿಸಿ— "ಆದ್ರೂ ನೋಡಿ, ಅವತ್ತು ಏನೂ ಆಗ್ಲಿಲ್ಲ. ಹುಡುಗರ ಮುಂದೆ ಅಷ್ಟು ದೊಡ್ಡದು ಮಾಡೋದು ಬೇಕಿರಲಿಲ್ಲ."

ಏನೂ ಆಗಲಿಲ್ಲ! ನನ್ನ ನೌಕರಿಯೇ ಅದು. ಏನೂ ಆಗದ ಹಾಗೆ ನೋಡಿಕೊಳ್ಳುವುದು. ಆಗದೇ ಇದ್ದದ್ದಕ್ಕೆ ಫೋಟೋ ಇಲ್ಲ, ಹಾರ ಇಲ್ಲ. ಬೇಡ ಕೂಡ.

ಆದರೆ ಇನ್ನೊಂದು ಬಾಕಿ ಇತ್ತಲ್ಲ. ಕೇಳಿದೆ.

"ಸರ್, ವಿಕ್ರಂ ಮುಟ್ಟಿದಾಗ ನೀವು ನಕ್ಕಿರಿ. ನಾನು ಕೈ ಚಾಚಿದಾಗ ಮುಟ್ಟಬೇಡಿ ಅಂದಿರಿ. ಯಾಕೆ?"

"ಛೇ ಛೇ! ಹಾಗಲ್ಲಮ್ಮ, ನಾನು ಆ ಅರ್ಥದಲ್ಲಿ..."

"ಹಾಗಲ್ಲದಿದ್ದರೆ ಹೇಗೆ ಸರ್?"

ಬಾಯಿ ತೆರೆದರು. ಲೋಕಲ್ ಬಂತು. ಜನ ನಡುವೆ ನುಗ್ಗಿದರು. ಅವರನ್ನು ಆ ಕಡೆ ತಳ್ಳಿದರು, ನನ್ನನ್ನು ಈ ಕಡೆ. ಉತ್ತರ ಬರಬೇಕು ಅಂತ ಕಾಯುವವಳೂ ನಾನಲ್ಲ. ಆದರೆ ಪ್ರಶ್ನೆ ಈಗ ಅವರ ಬ್ಯಾಗಿನಲ್ಲಿದೆ, ದಿನಾ ಹೊತ್ತುಕೊಂಡು ಓಡಾಡಲಿ.

ಅಕ್ಟೋಬರ್ ೧೫, ಬುಧವಾರ

ಆಯಿತು. ಬರುತ್ತದೆ ಬರುತ್ತದೆ ಅಂತ ಬಾರಿಸಿದ್ದು ಇವತ್ತು ಬಂತು.

ಮಧ್ಯಾಹ್ನ ಊಟದ ನಂತರ ಜೆಟ್ಟಿಯಿಂದ ನಾಲ್ಕನೇ ಟ್ಯಾಂಕಿಗೆ ಡೀಸೆಲ್ ಬರುತ್ತಿತ್ತು. ಟ್ಯಾಂಕಿನ ಬಾಯಿಯ ಹತ್ತಿರ ಎರಡು ಪೈಪು ಸೇರುವ ಜಾಗದಲ್ಲಿ, ಸೋರದಂತೆ ನಡುವೆ ಕೂರಿಸಿದ ಗ್ಯಾಸ್ಕೆಟ್ ಕಿತ್ತುಹೋಯಿತು. ಸಪ್ಪಳ ಏನಿಲ್ಲ. ಬೀಸಣಿಗೆ ಬಿಚ್ಚಿದ ಹಾಗೆ ಡೀಸೆಲ್. ನವೀನ ನೋಡಿದ, ಓಡಿದ, ಎಮರ್ಜೆನ್ಸಿ ಬಟನ್ ಒತ್ತಿದ. ಜೆಟ್ಟಿಯಲ್ಲಿ ಪಂಪ್ ನಿಂತಿತು. ಆದರೂ ಪೈಪಿನಲ್ಲಿ ಇದ್ದದ್ದು ಬರಲೇಬೇಕಲ್ಲ. ಬಂತು. ಡೈಕಿನ ತುಂಬಾ ಹರಡಿತು. ಪಾದ ಮುಳುಗುವಷ್ಟು.

ನಾನು ಗೋಡೆ ಹತ್ತಲಿಲ್ಲ. ನೇರ ಚರಂಡಿಗೆ ಓಡಿದೆ. ಮಂಡಿಯೂರಿ ಪೈಪಿನ ಬಾಯಿ ನೋಡಿದೆ.

ಒಣಗಿತ್ತು. ಬೆರಳು ಹಾಕಿ ನೋಡಿದೆ. ಧೂಳು. ಒಂದು ಇರುವೆ ಸಾಲು.

ಅಲ್ಲೇ ಕೂತುಬಿಟ್ಟೆ. ಚೆನ್ನಯ ಹಿಂದೆ ಬಂದು ನಿಂತಿದ್ದ. "ಉಂಟಾ?" ಅಂದ. "ಇಲ್ಲ" ಅಂದೆ. ಅವನೂ ಕೂತ. ಇಬ್ಬರೂ ಇರುವೆ ನೋಡಿದೆವು.

ಆಮೇಲೆ ಕೆಲಸ. ನೊರೆ ಹಾಸಿದೆವು, ಕಿಡಿ ಹಾರದ ಪಂಪು ಹಾಕಿ ಡೀಸೆಲ್ ಎಲ್ಲಾ ಎತ್ತಿ ಬೇರೆ ಟ್ಯಾಂಕಿಗೆ ಬಿಟ್ಟೆವು. ಸಂಜೆಗೆ ಮುಗಿಯಿತು. ರಾಮಸ್ವಾಮಿ ಸರ್ ಪೂರ್ತಿ ಹೊತ್ತು ಗೋಡೆಯ ಮೇಲೆ ಕೈ ಊರಿ ನಿಂತಿದ್ದರು. ಒಳಗಿನ ಡೀಸೆಲ್ ನೋಡಿದರು. ಹೊರಗಿನ ಚರಂಡಿ ನೋಡಿದರು. ಮತ್ತೆ ಒಳಗೆ. ಅವತ್ತಿನ ಕೆಂಪು ನೀರು ಅವರ ಕಣ್ಣ ಮುಂದೆ ಬರುತ್ತಿತ್ತೆಂದು ಕಾಣುತ್ತದೆ.

ಎಲ್ಲರೂ ಹೋದ ಮೇಲೆ ಆಫೀಸಿಗೆ ಹೋಗಿ ಬಂದರು. ಕೈಯಲ್ಲಿ ಕೀ.

"ತಗೊಳ್ಳಿ ಮಹಾನಂದಮ್ಮ. ಇನ್ಮೇಲೆ ನಿಮ್ಮ ಹತ್ರಾನೇ ಇರ್ಲಿ." ವಾಲ್ವಿನ ಕಡೆ ತಿರುಗಿ— "ಒಂದ್ಸಲ ಮುಟ್ಟಿ ನೋಡಿ. ಟೈಟಾಗಿದೆಯಾ."

"ಮುಟ್ಟಬೇಡಿ ಅಂದಿದ್ರಿ ಸರ್."

"ಅಂದಿದ್ದೆ." ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. "ಅವತ್ತು ಸ್ಟೇಷನ್‌ನಲ್ಲಿ ಹಾಗಲ್ಲ ಅಂದೆನಲ್ಲ... ಹಾಗೇನೇ ಅಮ್ಮ. ನನಗೇ ಗೊತ್ತಿಲ್ಲದೆ ಬಂದುಬಿಡ್ತು ಬಾಯಿಗೆ. ತಪ್ಪು."

ಸಮಾಧಾನ ಹೇಳಬಹುದಿತ್ತು. ಪರವಾಗಿಲ್ಲ ಬಿಡಿ ಸರ್ ಅನ್ನಬಹುದಿತ್ತು. ಅನ್ನಲಿಲ್ಲ. ಪರವಾಗಿಲ್ಲ ಅನ್ನುವ ಮಾತು ನಮ್ಮವರು ಬಹಳ ತಲೆಮಾರು ಅಂದಿದ್ದಾರೆ. "ಹೌದು ಸರ್, ತಪ್ಪು" ಅಂದೆ. ತಲೆ ಆಡಿಸಿದರು.

ಬೀಗ ತೆಗೆದೆ. ಚಕ್ರದ ಮೇಲೆ ಆ ಹಾರ ಇನ್ನೂ ಇದೆ, ಒಣಗಿ ಕಂದು ಬಣ್ಣ. ಹಾರದ ಮೇಲೆಯೇ ಕೈ ಇಟ್ಟೆ. ಹೂವು ಪುಡಿಯಾಯಿತು. ಮುಚ್ಚುವ ಕಡೆಗೆ ತಿರುಗಿಸಿದೆ. ಒಂದು ಕೂದಲಷ್ಟೂ ಅಲುಗಲಿಲ್ಲ.

"ಟೈಟಾಗಿದೆ."

ಬೀಗ ಹಾಕಿ ಕೀ ಜೇಬಿಗೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಪೂರ್ತಿ ಕೇಳಿದಳು. ಏನಂದಳು ಗೊತ್ತೇ— "ನಲ್ಲಿ ಬಂದ್ ಇತ್ತಿಲ್ಲ, ಮುಗೀತು. ಕೈ ತೊಳಕೊಂಡು ಉಣ್ಣು ಬಾ, ಡೀಸೆಲ್ ನಾರ್ತದ."

ಅಕ್ಟೋಬರ್ ೧೬, ಗುರುವಾರ, ಬೆಳಗ್ಗೆ

ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಬರೆಯುತ್ತಿದ್ದೇನೆ.

ಗೇಟಿನಲ್ಲಿ ಅದೇ ಪ್ರಶ್ನೆ. ತೇಲ್ ಸೋಡಣಾರ್ ಕಾ? ಇವತ್ತು ನಾಹೀ ಅನ್ನಲಿಲ್ಲ. ನಿನ್ನೆ ಸೋರಿತು ಮಾವ್ಶೀ, ಒಳಗೇ ಉಳಿಯಿತು ಅಂದೆ. ಬೇರೆಯವರಿಂದ ಕೇಳಿಸಿಕೊಳ್ಳುವುದಕ್ಕಿಂತ ನನ್ನಿಂದಲೇ ಕೇಳಲಿ. ಒಂದು ಏಡಿ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದಳು. ಮೂಸಿದೆ. ಕೆಸರಿನ ವಾಸನೆ, ಉಪ್ಪಿನ ವಾಸನೆ. ಅಷ್ಟೆ. ಬುಟ್ಟಿಯಲ್ಲಿ ಇದ್ದದ್ದರಲ್ಲೇ ದಪ್ಪದ್ದು ಎರಡು ಕಾಗದದಲ್ಲಿ ಸುತ್ತಿಕೊಟ್ಟಳು, ಕಾಯಿಲೆಯಿಂದ ಎದ್ದ ನಿನ್ನ ಆಯಿಗೆ ಅಂತ. ಬ್ಯಾಗಿನೊಳಗೆ ಪರಚುತ್ತಿವೆ, ಬರೆಯುವ ಪುಸ್ತಕ ಹೊರಗೆ ತೆಗೆದಿಟ್ಟದ್ದೇ ಅದಕ್ಕೆ.

ಚೆನ್ನಯ ಮುಂದಿನ ವರ್ಷದ ಪೂಜೆಗೆ ಈಗಲೇ ನಿಯಮ ಮಾಡಿದ್ದಾನೆ. ಮೊದಲು ಮುಚ್ಚುವುದು, ಬೀಗ ಹಾಕುವುದು, ಆಮೇಲೆ ಬಣ್ಣ, ಆಮೇಲೆ ಹಾರ. ಹಾರ ಚಕ್ರಕ್ಕೆ ಮಾತ್ರ, ಸ್ಪಿಂಡಲ್ ಕಾಣಬೇಕು. "ಮುಚ್ಚದ ವಾಲ್ವಿಗೆ ಪೂಜೆ ಮಾಡಿದರೆ ದೋಷ ಮೇಡಂ" ಅಂತ ಹುಡುಗರಿಗೆ ಹೆದರಿಸುತ್ತಿದ್ದಾನೆ. ಶಾಸ್ತ್ರ ಹುಟ್ಟುವುದು ಹೀಗೇ ಇರಬೇಕು. ಇದೊಂದನ್ನು ವಿರೋಧಿಸುವುದಿಲ್ಲ. ಪೂಜೆಗೆ ಮಾತ್ರ ಆಗಲೂ ಪಕ್ಕಕ್ಕೆ ಹೋಗುತ್ತೇನೆ, ಆಮೇಲೆ ಪಾಯಸಕ್ಕೆ ಬರುತ್ತೇ...

ಮಳೆ! ಅಕ್ಟೋಬರಿನಲ್ಲಿ ಎಲ್ಲಿಂದ ಬಂತು ಇದು. ತಗಡಿನ ಮೇಲೆ ಹಲಗೆ ಬಾರಿಸಿದ ಹಾಗೆ. ಹತ್ತು ನಿಮಿಷದಲ್ಲಿ ಡೈಕ್ ತುಂಬುತ್ತದೆ. ನಿನ್ನೆಯ ಡೀಸೆಲ್ಲಿನ ಜಿಡ್ಡು ನೆಲದಲ್ಲಿ ಇನ್ನೂ ಇರಬಹುದು, ಬಣ್ಣ ಕಟ್ಟಿದರೆ ತೆರೆಯುವುದೇ ಇಲ್ಲ. ಚೆನ್ನಯ ಅಂಗಳದಲ್ಲಿ ಛತ್ರಿ ಹಿಡಿದು ನಿಂತು ಕೂಗುತ್ತಿದ್ದಾನೆ, ಕೀ ಎಲ್ಲಿ ಮಾರಾಯ್ರೆ ಅಂತ. ಬಂದೆ. ನೋಡು, ತೆರೆ, ನಿಲ್ಲು—